ನಲವತ್ತೊಂದನೇ ಶೀಟು

ನಮ್ಮೂರಲ್ಲಿ ನದಿ ತಳದಲ್ಲಿ ನಿಂತ್ಕೊಂಡ್ರೆ ಸುಳ್ಳು ಬಾಯಿಂದ ಆಚೆ ಬರಲ್ಲ. ಡಿಪ್ಲೊಮಾ ಓದೋಕೆ ಬೇರೆ ಊರಿಗೆ ಹೋಗೋವರೆಗೂ ಎಲ್ಲಾ ನದಿಗಳೂ ಹಿಂಗೇ ಅನ್ಕೊಂಡಿದ್ದೆ. ಅಲ್ಲಿ ಹಾಸ್ಟೆಲ್ ಹಿಂದೆ ಒಂದು ಒಣಗಿದ ಹೊಳೆ ಇತ್ತು. ಮೊದಲನೇ ವಾರಾನೇ ರೂಮ್‌ಮೇಟ್‌ನ ಅಲ್ಲಿಗೆ ಎಳ್ಕೊಂಡು ಹೋಗಿ, ನನ್ನ ಕೊಬ್ಬರಿ ಮಿಠಾಯಿ ಡಬ್ಬಿ ಖಾಲಿ ಮಾಡಿದ್ದು ನೀನೇನಾ ಅಂತ ಕೇಳ್ದೆ. ಅಲ್ಲ ಅಂದ್ಲು. ನಂಬ್ದೆ. ಕ್ಷಮೆ ಕೇಳಿ ಐಸ್‌ಕ್ರೀಮ್ ಬೇರೆ ಕೊಡಿಸ್ದೆ. ಆಮೇಲೆ ಡಬ್ಬಿ ಮುಚ್ಚಳ ಅವಳ ಹಾಸಿಗೆ ಕೆಳಗೆ ಸಿಕ್ತು. ಅವಳ ಮೇಲಿಗಿಂತ ಆ ಹೊಳೆ ಮೇಲೇ ನಂಗೆ ಜಾಸ್ತಿ ಬೇಜಾರಾಯ್ತು.

ಮೊದಲೆಲ್ಲಾ ನಮ್ಮ ನದಿ ಬೇಸಿಗೇಲಿ ಒಂದೆರಡು ತಿಂಗಳು ಬತ್ತೋದು. ಊರಿನ ದೊಡ್ಡ ಮಾತುಕತೆ ಎಲ್ಲಾ ಆವಾಗ್ಲೇ. ಹೆಣ್ಣು ಗಂಡಿನ ಒಪ್ಪಿಗೆ, ಅಣ್ಣ ತಮ್ಮಂದಿರ ಪಾಲು, ಯಾರ ಮೇಕೆ ಯಾರ ಹಿತ್ತಲಿಗೆ ನುಗ್ತು ಅನ್ನೋದು, ಎಲ್ಲಾ ಮರಳಲ್ಲಿ ಚಾಪೆ ಹಾಸ್ಕೊಂಡು ಮುಗಿಸೋರು. ಅದಕ್ಕೆ ತಳದ ಮಾತು ಅಂತಾರೆ. ಮೇಲೆ ಆಡಿದ್ದು ಗಾಳಿ ಮಾತು. ಮೇಲೆ ಸುಳ್ಳು ಹೇಳಿ ಸಿಕ್ಕಾಕೊಂಡ್ರೂ ನಮ್ಮೂರಲ್ಲಿ ಯಾರೂ ಅಷ್ಟು ತಲೆ ಕೆಡಿಸ್ಕೊಳ್ಳಲ್ಲ, ಮೇಲೆ ಹೇಳಿದ್ದಲ್ವಾ ಬಿಡು ಅಂತಾರೆ. ಆಮೇಲೆ ಎಲ್ಲೋ ಮೇಲುಗಡೆ ಅಣೆಕಟ್ಟು ಬಂದು ವರ್ಷಪೂರ್ತಿ ನೀರು ಬಿಡೋಕೆ ಶುರು ಮಾಡಿದ್ರು. ಒಂಬತ್ತು ವರ್ಷ ತಳ ಕಾಣ್ಲೇ ಇಲ್ಲ. ಒಂಬತ್ತು ವರ್ಷದ ಜಗಳ, ಅನುಮಾನ, ಒಪ್ಪಿಗೆ ಎಲ್ಲಾ ಹಂಗಂಗೇ ನಿಂತೋಯ್ತು. ನಮ್ಮ ಸಣ್ಣತ್ತೆ ಮದುವೆನೇ ಅದಕ್ಕೆ ನಿಂತಿತ್ತು.

ಅಂಥ ಹೊತ್ತಲ್ಲಿ ಸೇತುವೆ ಬಂತು. ಸೇತುವೆಗೆ ನದಿ ಮಧ್ಯೆ ಎರಡು ಕಂಬ ಬೇಕು. ಇಂಜಿನಿಯರ್ ರೆಹಾನಾ ಮೇಡಂ ಹೊರಗಿನವ್ರು. ನಾನು ಕೊನೇ ವರ್ಷದ ಟ್ರೈನಿಂಗ್‌ಗೆ ಅವ್ರ ಕೈಕೆಳಗೆ ಸೇರ್ಕೊಂಡೆ. ನನ್ನ ಹೆಸರು ಇಂಚರಾ, ಸೈಟಲ್ಲಿ ಎರಡೇ ದಿನಕ್ಕೆ ಇಂಚು ಆಗ್ಬಿಟ್ಟೆ. ಮೇಡಂ ಮೊದಲನೇ ದಿನ ದಡದಲ್ಲಿ ನಿಲ್ಲಿಸ್ಕೊಂಡು, “ಇಂಚರಾ, ಇಡೀ ನದೀನ ನಿಲ್ಸೋದು ನಮ್ಮ ಕೈಲಾಗಲ್ಲ. ಮಧ್ಯದಲ್ಲಿ ಒಂದು ಮನೆಯಷ್ಟು ಜಾಗ ನಾಲ್ಕು ತಿಂಗಳು ಬಿಟ್ಕೊಡು ಅಂತ ಕೇಳ್ಬಹುದು, ಅಷ್ಟೇ” ಅಂದ್ರು. ಅವ್ರು ಅದಕ್ಕೆ ಕಾಫರ್ ಡ್ಯಾಮ್ ಅಂತಿದ್ರು. ಊರವ್ರು ಉಕ್ಕಿನ ತೊಟ್ಟಿ ಅಂದ್ರು. ನೀರು ಹೊರಗೆ, ಒಳಗೆ ಒಣಕಲು, ಹಂಗಾಗಿ ಅದು ಉಲ್ಟಾ ತೊಟ್ಟಿ.

ಅದನ್ನ ಮಾಡೋದು ಹೆಂಗೆ ಅಂದ್ರೆ, ತೆಂಗಿನ ಮರದುದ್ದ ಉಕ್ಕಿನ ಶೀಟುಗಳು ಇರ್ತವೆ. ಎರಡು ಅಂಚಲ್ಲೂ ಕೊಕ್ಕೆ. ಒಂದರ ಕೊಕ್ಕೆಗೆ ಇನ್ನೊಂದನ್ನ ಸಿಕ್ಕಿಸಿ, ದೋಣಿ ಮೇಲಿಂದ ಕ್ರೇನಲ್ಲಿ ಎತ್ತಿ ಹಿಡಿದು, ತಲೆ ಮೇಲೆ ಯಂತ್ರದ ಸುತ್ತಿಗೇಲಿ ಹೊಡ್ದು ತಳಕ್ಕೆ ಇಳಿಸ್ತಾರೆ. ನಮ್ಮದಕ್ಕೆ ಅರವತ್ನಾಲ್ಕು ಶೀಟು. ಸುತ್ತ ಮುಚ್ಚಿದ್ಮೇಲೆ ಒಳಗಿನ ನೀರನ್ನ ಪಂಪಲ್ಲಿ ಹೊರಗೆ ಹಾಕ್ತಾರೆ. ಹೊಡೆಯೋದು ಬೋರಣ್ಣ ಮೇಸ್ತ್ರಿ. ನಲವತ್ತು ವರ್ಷ ಸುತ್ತಿಗೆ ಪಕ್ಕ ನಿಂತು ಎರಡು ಕಿವೀನೂ ಮುಕ್ಕಾಲು ಹೋಗಿತ್ತು. “ಸಂದೀಲಿ ನೀರು ಬಂದ್ರೆ ಹೆದರ್ಬೇಡ ಕಣವ್ವ, ಹೊರಗಡೆ ಬೂದಿ ಸುರಿದ್ರೆ ನೀರೇ ಅದನ್ನ ಎಳ್ಕೊಂಡು ಸಂದಿ ಮುಚ್ಕೊಳುತ್ತೆ. ಅಡಿಯಿಂದ ಬಂದ್ರೆ ಮಾತ್ರ ಏನೂ ಕೇಳ್ಬೇಡ, ಏಣಿ ಹತ್ತು” ಅಂತ ನಂಗೆ ಹೇಳ್ಕೊಟ್ಟಿದ್ದು ಅವ್ರೇ.

ನನ್ನ ಕೆಲಸ ಎಣಿಸೋದು. ಶೀಟಿನ ಮೇಲೆ ಅಡಿಗೊಂದು ಬಿಳಿ ಗೆರೆ ಎಳ್ದಿರ್ತಾರೆ. ಒಂದು ಗೆರೆಯಿಂದ ಇನ್ನೊಂದಕ್ಕೆ ಇಳಿಯೋಕೆ ಎಷ್ಟು ಪೆಟ್ಟು ಬಿತ್ತು ಅಂತ ಪುಸ್ತಕದಲ್ಲಿ ಬರೀಬೇಕು. ಹನ್ನೆರಡು, ಹದಿನೈದು ಬಿದ್ರೆ ಸರಿ. ಇದ್ದಕ್ಕಿದ್ದಂಗೆ ಅರವತ್ತೋ ಎಂಬತ್ತೋ ಆದ್ರೆ ಕೆಳಗೆ ಬಂಡೆ ತಾಗಿದೆ ಅಂತ. ಶೀಟಿನ ತಲೆ ಬೇರೆ ಶೀಟುಗಳ ಹಾಗೇ ಇಳೀತಾ ಇರುತ್ತೆ, ಮೇಲಿಂದ ನೋಡಿದ್ರೆ ಏನೂ ಗೊತ್ತಾಗಲ್ಲ, ಆದ್ರೆ ನೀರಡಿ ಶೀಟಿನ ತುದಿ ಮಡಚ್ಕೊತಾ ಇರುತ್ತೆ. ಎಣಿಕೆ ಬಿಟ್ರೆ ಅದನ್ನ ಹಿಡಿಯೋಕೆ ಬೇರೆ ದಾರಿ ಇಲ್ಲ. ಅದಕ್ಕೇ ಮೇಡಂ ಮೊದಲು ಇಬ್ಬಿಬ್ಬರು ಎಣಿಸ್ಬೇಕು ಅಂತ ಮಾಡಿದ್ರು. ಬೋರಣ್ಣ ನಕ್ಬಿಟ್ರು. “ಇಬ್ರು ಯಾಕೆ ಮೇಡಮ್ಮೋರೆ, ನೀರು ಖಾಲಿಯಾದ್ಮೇಲೆ ತಳದಲ್ಲಿ ನಿಲ್ಲಿಸಿ ಕೇಳಿದ್ರಾಯ್ತಲ್ಲ” ಅಂದ್ರು. ಊರವ್ರೆಲ್ಲಾ ಹೌದು ಅಂದ್ರು. ಮೇಡಂಗೆ ಆಗ್ಲೇ ನಮ್ಮೂರು ಅಭ್ಯಾಸ ಆಗ್ತಿತ್ತು. ಇಪ್ಪತ್ತನೇ ಶೀಟು ಆದ್ಮೇಲೆ ಎರಡನೇ ಆಳನ್ನ ಬೇರೆ ಕೆಲಸಕ್ಕೆ ಕಳಿಸಿದ್ರು.

ಸೈಟಲ್ಲಿ ನಂಗೆ ತುಂಬಾ ಹತ್ರ ಅಂದ್ರೆ ಸಾವಂತ್ರಕ್ಕ. ದೋಣಿ ಅಂಚಲ್ಲಿ ನಿಂತು ಸಂದಿಗೆ ಬೂದಿ, ಜೇಡಿ ತುಂಬೋ ಕೆಲಸ ಅವಳದ್ದು. ಅವಳ ಗಂಡ ಮಾಳಿಂಗಣ್ಣ ಪಂಪ್ ನೋಡ್ಕೊತಿದ್ದ. ಅವಳು ಬಾಯಿ ತೆಗೆದ್ರೆ ನಂಗೆ ಹೊಟ್ಟೆ ಹಿಡ್ಕೊಂಡು ನಗೋದೇ ಕೆಲಸ. ನಲವತ್ತೊಂದನೇ ಶೀಟು ಇಳಿಸೋ ದಿನ ಅವಳು ಮಾಳಿಂಗಣ್ಣ ಹೆಣ್ಣು ನೋಡೋಕೆ ಬಂದ ಕತೆ ತೆಗೆದ್ಲು. ಗೆಳೆಯನ ಬೂಟ್ಸ್ ಹಾಕ್ಕೊಂಡು ಬಂದಿದ್ನಂತೆ, ಅದು ಚಿಕ್ಕದು, ಉಪ್ಪಿಟ್ಟು ತಿಂದು ಏಳೋಷ್ಟರಲ್ಲಿ ಕಾಲು ಊದ್ಕೊಂಡು ಒಳಗೇ ಹೋಗ್ತಿಲ್ಲ. ಕೊನೆಗೆ ಅವಳಪ್ಪನ ಹವಾಯಿ ಚಪ್ಪಲಿ ಹಾಕ್ಕೊಂಡು, ಬೂಟ್ಸ್ ಕಂಕುಳಲ್ಲಿ ಇಟ್ಕೊಂಡು ಹೋದ್ನಂತೆ. ದೋಣಿ ಮೇಲೆ ಅವನ ನಡಿಗೆ ನಡೆದು ತೋರಿಸಿದ್ಲು. ಆ ಕಡೆ ಪಂಪ್ ಹತ್ರ ಕೂತಿದ್ದ ಮಾಳಿಂಗಣ್ಣ, “ಲೇ, ಮರ್ಯಾದೆ ತೆಗೀಬೇಡ್ವೇ, ಚಪ್ಪಲಿ ವಾಪಸ್ ಕೊಡೋಕೇ ತಾನೇ ನಿನ್ನ ಕಟ್ಕೊಂಡಿದ್ದು” ಅಂದ. ನಾನು ಪುಸ್ತಕ ಮುಖಕ್ಕೆ ಹಿಡ್ಕೊಂಡು ನಕ್ಕೆ. ಕಣ್ಣೊರೆಸ್ಕೊಂಡು ನೋಡ್ತೀನಿ, ಶೀಟು ಕೊನೇ ಮೂರು ಗೆರೆ ಕೆಳಗೆ ಹೋಗಿದೆ. ಸುತ್ತಿಗೆ ಹೊಡೀತಾನೇ ಇತ್ತು, ತುಂಬಾ ಹೊತ್ತಿಂದ ಹೊಡೀತಿತ್ತು ಅನ್ನೋದು ಕಿವಿಗೆ ಗೊತ್ತಿತ್ತು, ತಲೆಗೆ ಹೋಗಿರ್ಲಿಲ್ಲ. ಬೋರಣ್ಣ ನನ್ನ ಮುಖ ನೋಡಿ, “ಹೆಂಗೆ ಇಂಚು, ಸರಿಯಾಗಿ ಇಳೀತಾ?” ಅಂದ್ರು. ಇಳೀತಣ್ಣ ಅಂದೆ. ಮೇಲೆ ಹೇಳೋದಲ್ವಾ. ಪುಸ್ತಕದಲ್ಲಿ ನಲವತ್ತನೇ ಶೀಟಿನ ಲೆಕ್ಕಾನೇ ಮೂರು ಸಾಲು ಇಳಿಸ್ದೆ.

ಅದನ್ನ ಮರೆತಿದ್ದೆ ಅಂತ ಹೇಳಲ್ಲ. ನೀರು ಖಾಲಿಯಾಗೋ ಹಿಂದಿನ ದಿನ ಆ ಪುಟ ಎರಡು ಸಲ ತೆಗೆದು ನೋಡ್ದೆ. ಬೆಳಿಗ್ಗೆ ಮೇಡಂಗೆ ಹೇಳ್ಬಿಡೋಣ ಅನ್ಕೊಂಡೇ ಬಂದೆ. ಆಮೇಲೆ ಅನ್ನಿಸ್ತು, ಹೆಂಗೂ ತಳಕ್ಕೆ ಇಳಿಸಿ ಕೇಳ್ತಾರೆ, ಶೀಟು ಸರಿ ಇಲ್ದಿದ್ರೆ ಮಾತೇ ಬರಲ್ಲ, ಆವಾಗ ಅಲ್ಲೇ ಹೇಳಿದ್ರಾಯ್ತು. ಏಣಿ ಇಳ್ದೆ. ಒಂಬತ್ತು ವರ್ಷ ಆದ್ಮೇಲೆ ಕಾಲಿಗೆ ತಳ ತಾಗ್ತು, ತಣ್ಣಗಿತ್ತು, ಮೀನಿನ ವಾಸನೆ. ಸುತ್ತ ಶೀಟುಗಳು, ಅದರಾಚೆ ನಮ್ಮ ತಲೆಗಿಂತ ಮೇಲೆ ನದಿ ಹರಿಯೋ ಸದ್ದು. ಮೇಡಂ ಪುಸ್ತಕ ಹಿಡ್ಕೊಂಡು ಒಂದೊಂದೇ ನಂಬರ್ ಕರೆದ್ರು. ನಲವತ್ತೊಂದು ಅಂದಾಗ ನಾನು ಉಸಿರು ಹಿಡ್ಕೊಂಡು, “ಸರಿ ಇದೆ ಮೇಡಂ” ಅಂದೆ. ಬಂತು. ನೀರಿನಂಗೆ ಬಂತು. ನಂಗೆ ಕುಣಿಯೋಷ್ಟು ಖುಷಿ ಆಯ್ತು. ಅಯ್ಯೋ ಸುಮ್ನೆ ಹೆದರಿದ್ನಲ್ಲ ಅಂತ ಮಧ್ಯಾಹ್ನ ಎರಡು ತಟ್ಟೆ ಚಿತ್ರಾನ್ನ ತಿಂದೆ.

ಆಮೇಲೆ ಹತ್ತೊಂಬತ್ತು ದಿನ ನಮ್ಮೂರು ಹಬ್ಬ ಮಾಡ್ತು. ಮೇಡಂ ಪ್ರತಿ ಭಾನುವಾರ ಒಂದು ಗಂಟೆ ಹೊತ್ತು ಊರವ್ರಿಗೆ ತೊಟ್ಟಿ ಬಿಟ್ಕೊಟ್ರು. ದಡದ ಉದ್ದಕ್ಕೂ ಸಾಲು. ಹೆಲ್ಮೆಟ್ ಹಾಕ್ಕೊಂಡು ನಾಲ್ಕು ನಾಲ್ಕು ಜನ ಇಳಿಯೋರು. ಬೀಗಿತೀರಿಬ್ರು ಹೋಗಿ ಒಂದೂ ಮಾತಾಡದೆ ಹತ್ತಿ ಬಂದ್ರು. ಒಬ್ಬ ಮುದುಕಪ್ಪ ಹೆಂಡತಿ ಕೈ ಹಿಡಿದು ಇಳಿಸ್ಕೊಂಡು, ನೀನು ಮಾಡೋ ಸಾರು ಚೆನ್ನಾಗಿರುತ್ತೆ ಅಂತ ಹೇಳೋಕೆ ಹೋಗಿ ಬಾಯಿ ತೆರ್ಕೊಂಡೇ ನಿಂತ. ಆಯಮ್ಮ ನಗ್ತಾ, “ಮೂವತ್ತು ವರ್ಷದಿಂದ ಗೊತ್ತು, ಹತ್ರಿ ಮೇಲೆ” ಅಂದ್ಲು. ನಮ್ಮ ಸಣ್ಣತ್ತೆ ಇಳಿದು, ಹುಡುಗನ್ನ ನೋಡಿ, ನಂಗೆ ಒಪ್ಪಿಗೆ ಅಂದ್ಲು. ಬಂತು. ಅವನೂ ಅಂದ. ಬಂತು. ದಡದಲ್ಲಿ ನಮ್ಮಜ್ಜಿ ಅತ್ಲು. ಚುನಾವಣೆಗೆ ನಿಂತೋರು ಮಾತ್ರ ಅಂಚಿನ ಮೇಲೇ ನಿಂತು ಭಾಷಣ ಮಾಡಿ, ಮಂಡಿ ನೋವು ಅಂತ ಹೇಳಿ ಹೋದ್ರು.

ಇಪ್ಪತ್ತನೇ ದಿನ ಬೆಳಿಗ್ಗೆ ಹನ್ನೊಂದು ಗಂಟೆ. ಕೆಳಗೆ ಕಂಬಿ ಕಟ್ತಾ ಹನ್ನೆರಡು ಜನ ಇದ್ವಿ. ನಲವತ್ತೊಂದರ ಬುಡದಲ್ಲಿ ಮರಳು ಅನ್ನ ಕುದಿಯೋ ತರ ಬುಳಬುಳ ಅಂತ ಏಳೋಕೆ ಶುರುವಾಯ್ತು. ಮೊದಲು ಮುಷ್ಟಿಯಷ್ಟು, ತಿಳಿ ನೀರು. ನೋಡ್ತಾ ನೋಡ್ತಾ ಕೆಂಪಾಯ್ತು, ಕೊಳಗದಷ್ಟಾಯ್ತು. ಬೋರಣ್ಣಂಗೆ ಸದ್ದು ಕೇಳಿಸಿರ್ಲಿಲ್ಲ, ಕಾಲಿಗೆ ನಡುಕ ಗೊತ್ತಾಗಿ ತಿರುಗಿ ನೋಡಿದ್ರು. “ಹತ್ರಿ” ಅಂದ್ರು. ಇರೋದು ಒಂದೇ ಏಣಿ. ಮಾಳಿಂಗಣ್ಣ ಪಂಪಿನ ಪೈಪ್ ಬಿಟ್ಟು, ಪಕ್ಕದಲ್ಲಿದ್ದ ಮರಳು ಮೂಟೆ ಎಳ್ಕೊಂಡು ಬಂದು ಆ ಬಾಯಿ ಮೇಲೆ ಹಾಕ್ದ. ಇನ್ನೊಂದು ಹಾಕ್ದ. ಅದರ ಮೇಲೆ ತಾನೇ ನಿಂತ್ಕೊಂಡ. ನಾನು ಏಣೀಲಿ ಏಳನೆಯವಳು. ಕೆಳಗೆ ನೋಡಿದ್ರೆ ಅವನ ಸೊಂಟದವರೆಗೂ ನೀರಿತ್ತು, ಅವನು ಮೇಲೆ ನೋಡ್ತಾ, “ಬೇಗ ಬೇಗ, ನಿಧಾನಕ್ಕೆ” ಅಂದ. ಹಂಗೇ ಅಂದ, ಎರಡೂ ಒಟ್ಟಿಗೆ. ಹನ್ನೊಂದನೆಯವನು ಅಂಚು ಹಿಡಿಯೋಷ್ಟರಲ್ಲಿ ಅಡಿ ಪೂರ್ತಿ ಕಿತ್ಕೊಂಡು ಬಂತು. ಒಳಗಿನ ನೀರು ಹೊರಗಿನ ಮಟ್ಟಕ್ಕೆ ಬರೋಕೆ ನಾಲ್ಕು ನಿಮಿಷ ಹಿಡೀತು ಅಂತ ಆಮೇಲೆ ಯಾರೋ ಹೇಳಿದ್ರು. ಆಮೇಲೆ ಏನೂ ಇಲ್ಲ. ಸಾವಂತ್ರಕ್ಕ ದೋಣಿ ಅಂಚಲ್ಲಿ ಬೂದಿ ಬುಟ್ಟಿ ಹಿಡ್ಕೊಂಡೇ ನಿಂತಿದ್ಲು. ಸಂಜೆ ಹೊತ್ತಿಗೆ ಮುಳುಗು ಹಾಕೋರು ಅವನನ್ನ ಮೇಲೆ ತಂದ್ರು.

ಮೂರನೇ ದಿನಕ್ಕೆ ಊರಲ್ಲಿ ಮಾತು ಶುರುವಾಯ್ತು. ನಮ್ಮೂರಿನ ಬುದ್ಧಿ ಅದು. ಅರವತ್ನಾಲ್ಕು ಶೀಟಿಗೂ ತಳದಲ್ಲಿ ನಿಂತು ಸರಿ ಅಂದಿದ್ದಾರೆ, ಅಂದ್ಮೇಲೆ ಶೀಟು ಸರಿಯಿತ್ತು. ಶೀಟು ಸರಿಯಿದ್ರೆ ತಪ್ಪು ಯಾರದ್ದು? ಪಂಪ್ ಯಾರ ಕೈಲಿತ್ತು? ಮಾಳಿಂಗ ಮರಳು ಎಳಿಯೋಂಗೆ ಪೈಪನ್ನ ಶೀಟಿನ ಬುಡಕ್ಕೇ ಇಟ್ಟಿದ್ನಂತೆ. ಹಿಂದಿನ ದಿನ ಕುಡಿದಿದ್ನಂತೆ. ತಪ್ಪು ಮಾಡಿದ್ದು ಗೊತ್ತಿತ್ತು, ಅದಕ್ಕೇ ಮೂಟೆ ತಗೊಂಡು ಓಡಿದ್ದು. ಟೀ ಅಂಗಡಿಯಿಂದ ಹಿಟ್ಟಿನ ಗಿರಣಿಗೆ ಬರೋಷ್ಟರಲ್ಲಿ “ಅಂತೆ” ಎಲ್ಲಾ ಬಿದ್ದೋಗಿ “ಹೌದು” ಆಗಿತ್ತು. ಗಿರಣೀಲಿ ಸಾವಂತ್ರಕ್ಕನ ರಾಗಿ ಡಬ್ಬಾನ ಸಾಲಿಂದ ಹಿಂದಕ್ಕೆ ಸರಿಸಿದ್ರು.

ನಾನು ಅವಳ ಮನೆಗೆ ಹೋದೆ. ಅವಳೇ ಕೇಳಿದ್ಲು. “ಇಂಚು, ನಲವತ್ತೊಂದು ಸರಿ ಇದೆ ಅಂತ ನೀನು ತಳದಲ್ಲೇ ಹೇಳಿದ್ಯಲ್ಲ. ಮಾತು ಬಂತಲ್ಲ. ಹಂಗಾದ್ರೆ ಇವನೇ ಏನೋ ಮಾಡಿದ್ನಾ? ನಿಜ ಹೇಳು.” ನಾನು ಹೇಳ್ದೆ. ಎಣಿಸ್ಲಿಲ್ಲ ಅಂತ ಹೇಳ್ದೆ. ನೀನು ಬೂಟ್ಸ್ ಕತೆ ಹೇಳ್ತಿದ್ದೆ, ನಾನು ನಗ್ತಿದ್ದೆ, ಆ ಮೂರು ಗೆರೆ ನಾನು ನೋಡ್ಲೇ ಇಲ್ಲ. ತಳದಲ್ಲಿ ಮಾತು ಬಂದಿದ್ದು ಶೀಟು ಸರಿಯಿದ್ದಿದ್ದಕ್ಕಲ್ಲ, ಸರಿಯಿದೆ ಅಂತ ನಾನು ನಂಬ್ಕೊಂಡಿದ್ದಕ್ಕೆ. ಹಾಳಾದ್ ನಾನು ನಂಬೋಕೆ ಅಂತಾನೇ ಇಳ್ದಿದ್ದೆ ಅಕ್ಕಾ. “ನಾನು ಹೇಳ್ತಿದ್ದ ಕತೇನಾ” ಅಂದ್ಲು ಅವಳು. ಅಷ್ಟೇ.

ಮೇಡಂಗೂ ಹೇಳ್ದೆ. ಅವ್ರು ಪುಸ್ತಕ ತೆಗೆದು ನಲವತ್ತು, ನಲವತ್ತೊಂದರ ಸಾಲು ನೋಡಿದ್ರು. ಮೂರು ಅಂಕಿ ಮೂರಕ್ಕೆ ಮೂರೂ ಎರಡು ಕಡೆನೂ ಒಂದೇ. “ಇದನ್ನ ನೋಡೋಕೆ ತಳಕ್ಕೆ ಇಳಿಬೇಕಿರ್ಲಿಲ್ಲ ಇಂಚರಾ. ಕುರ್ಚೀಲಿ ಕೂತೇ ನೋಡ್ಬಹುದಿತ್ತು. ನಾನು ಕೇಳ್ದೆ, ನೋಡ್ಲಿಲ್ಲ” ಅಂದ್ರು. ಮೇಲಿನ ಆಫೀಸಿಗೆ ಅವತ್ತೇ ಪತ್ರ ಬರೆದ್ರು, ನನ್ನ ಹೆಸರೂ ತಮ್ಮ ಹೆಸರೂ ಹಾಕಿ. ಆದ್ರೆ ಊರು ಪತ್ರ ಓದಲ್ಲ. ಭಾನುವಾರ ದಡದಲ್ಲಿ ಜನ ಸೇರಿದಾಗ ನಾನು ಒಂದು ಕಲ್ಲಿನ ಮೇಲೆ ಹತ್ತಿ ನಿಂತು ಎಲ್ಲರ ಎದುರಿಗೆ ಹೇಳ್ದೆ. ತಪ್ಪು ನಂದು, ಮಾಳಿಂಗಣ್ಣಂದಲ್ಲ. ಹೇಳಿ ಮುಗಿಸಿದ್ಮೇಲೆ ಗಿರಣಿಯ ಪಾರ್ವತವ್ವ ಬಂದು ನನ್ನ ಗಲ್ಲ ಸವರಿದ್ಲು. “ಎಷ್ಟು ಒಳ್ಳೇ ಹುಡುಗಿ ನೋಡು. ಆ ಹೆಣ್ಣಿಗೋಸ್ಕರ ಸುಳ್ಳು ಹೇಳ್ತಿದೆ ಪಾಪ” ಅಂದ್ಲು. ಎಲ್ಲರೂ ಹೌದು ಹೌದು ಅಂತ ತಲೆ ಆಡಿಸಿದ್ರು. ಮನೇಲಿ ಅಜ್ಜಿ ನಂಗೆ ದೃಷ್ಟಿ ತೆಗೆದ್ಲು. ಹುಟ್ಟಿದಾಗಿಂದ ಯಾರ ಕೈಲೂ ಅಷ್ಟು ಬೈಸ್ಕೊಂಡಂಗೆ ನಂಗೆ ಅನಿಸಿರ್ಲಿಲ್ಲ.

ತಳ ಇದ್ದಿದ್ರೆ ಇಳಿದು ಹೇಳ್ಬಹುದಿತ್ತು. ತಳದ ಮೇಲೆ ಈಗ ಎರಡಾಳು ನೀರು. ಆಫೀಸಿಂದ ಬಂದೋರು ಹಳೇ ಶೀಟು ಅಲ್ಲೇ ಇರಲಿ, ಅದರ ಸುತ್ತ ಹೊಸದಾಗಿ ಹೊಡೀರಿ ಅಂದ್ರು. ಕಿತ್ರೆ ಪಕ್ಕದ ಶೀಟುಗಳು ಸಡಿಲ ಆಗ್ತವೆ, ಕೆಲಸಾನೂ ತಿಂಗಳು ಹಿಂದೆ ಬೀಳುತ್ತೆ ಅಂತ. ಮೇಡಂ ಕಿತ್ತೇ ನೋಡ್ಬೇಕು ಅಂತ ಹಟ ಹಿಡಿದ್ರು. ಬೋರಣ್ಣ ಏನೂ ವಾದ ಮಾಡ್ಲಿಲ್ಲ. ಆಫೀಸಿನೋರು ಇನ್ನೂ ಯೋಚ್ನೆ ಮಾಡ್ತಿರೋವಾಗ್ಲೇ ಕ್ರೇನಿನ ಸರಪಳಿ ನಲವತ್ತೊಂದರ ತಲೆಗೆ ಕಟ್ಟಿದ್ರು. “ಕಿವಿ ಕೇಳಲ್ಲ ಸ್ವಾಮಿ ನಂಗೆ” ಅಂದ್ರು ಅವ್ರ ಕಡೆ ನೋಡಿ.

ಶೀಟು ಸುಲಭಕ್ಕೆ ಬರ್ಲಿಲ್ಲ. ದೋಣಿ ಒಂದು ಪಕ್ಕಕ್ಕೆ ವಾಲ್ತು, ಸರಪಳಿ ಕಿರುಗುಟ್ತು. ಬಿಸಿಲು ನೆತ್ತಿಗೆ ಬರೋ ಹೊತ್ತಿಗೆ ಒಂದೊಂದೇ ಗೆರೆ ಮೇಲೆ ಬಂತು. ದಡದಲ್ಲಿ ಊರೇ ನಿಂತಿತ್ತು. ಕೊನೇಲಿ ತುದಿ ನೀರಿಂದ ಆಚೆ ಬಂತು. ಅಲ್ಲಿ ತುದಿ ಇರ್ಲೇ ಇಲ್ಲ. ಮೂರಡಿ ಉಕ್ಕು ಚಾಪೆ ಸುತ್ತಿದಂಗೆ ಸುತ್ಕೊಂಡಿತ್ತು, ಆ ಸುರುಳಿ ಒಳಗೆ ಬಂಡೆಯ ಒಂದು ಚೂರು ಕಚ್ಕೊಂಡು ಕೂತಿತ್ತು. ದಡಕ್ಕೆ ತಂದು ಮಲಗಿಸಿದ್ರು. ಪಾರ್ವತವ್ವ ಹತ್ರ ಬಂದು ಬಗ್ಗಿ ನೋಡಿ, ತಲೆ ಮೇಲೆ ಸೆರಗು ಎಳ್ಕೊಂಡು ಹಿಂದಕ್ಕೆ ಹೋದ್ಲು. ಸಾವಂತ್ರಕ್ಕ ಸುರುಳಿ ಪಕ್ಕ ಕೂತು ಒಳಗೆ ಕೈ ಹಾಕಿ ಬಂಡೆ ಚೂರು ಮುಟ್ಟಿದ್ಲು. “ಇವನು ಏನೂ ಮಾಡಿರ್ಲಿಲ್ಲ” ಅಂದ್ಲು, ಯಾರಿಗೆ ಅಂತಲ್ಲ. ಬೋರಣ್ಣ ಟವೆಲ್ ತೆಗೆದು ಎದೆಗೆ ಹಿಡ್ಕೊಂಡು, “ಇಲ್ಲ ಕಣವ್ವ, ಹನ್ನೊಂದು ಜನನ್ನ ಮನೆಗೆ ಕಳಿಸ್ದ” ಅಂದ್ರು. ಅವ್ರೂ ಆ ಹನ್ನೊಂದರಲ್ಲಿ ಒಬ್ರು. ನಾನೂ.

ಹೊಸ ತೊಟ್ಟಿ ಶುರುವಾದಾಗ ಎಣಿಸೋಕೆ ಇಬ್ರು ಬೇಕು ಅಂತ ಮೇಡಂ ಹೇಳಿದ್ರು. ಎರಡನೆಯವಳು ನಾನಾಗ್ತೀನಿ ಅಂತ ಸಾವಂತ್ರಕ್ಕ ತಾನೇ ಬಂದು ನಿಂತ್ಲು. ನಾನು ಬರೀತಿದ್ದೆ, ಅವಳು ಜೋರಾಗಿ ಎಣಿಸ್ತಿದ್ಲು, ಒಂದು, ಎರಡು, ಮೂರು. ಕತೆ ಇಲ್ಲ, ನಗು ಇಲ್ಲ. ಮಧ್ಯಾಹ್ನ ಒಟ್ಟಿಗೇ ಊಟಕ್ಕೆ ಕೂರ್ತಿದ್ವಿ. ನಾನು ಒಂದಿನ ಅನ್ನ ಕಲೆಸ್ತಾ ಅಳೋಕೆ ಶುರು ಮಾಡ್ದೆ. ಅವಳು ಉಪ್ಪಿನಕಾಯಿ ನನ್ನ ತಟ್ಟೆಗೆ ಹಾಕಿ, “ನಿನ್ನ ಮೇಲೆ ಸಿಟ್ಟಿಲ್ಲ ಕಣೆ ಇಂಚು, ಊಟ ಮಾಡು” ಅಂದ್ಲು. ಆಮೇಲೂ ನಾಲ್ಕೈದು ಸಲ ಅಂದ್ಲು, ನಾನು ಕೇಳದೇ. ದೋಣಿ ಹತ್ತೋವಾಗ ಒಂದ್ಸಲ, ಮನೆ ಬಾಗಿಲಲ್ಲಿ ಒಂದ್ಸಲ. ಅದನ್ನ ಕೇಳ್ಕೊಂಡೇ ನಾನು ರಾತ್ರಿ ನಿದ್ದೆ ಮಾಡ್ತಿದ್ದೆ.

ಎಪ್ಪತ್ತೆರಡು ಶೀಟು ಇಳಿದ್ವು, ನೀರು ಖಾಲಿಯಾಯ್ತು. ಈ ಸಲ ಮೇಡಂ ತಳದಲ್ಲಿ ಯಾರನ್ನೂ ಏನೂ ಕೇಳ್ಲಿಲ್ಲ. ಒಂದು ಟೇಪ್ ಕೊಟ್ಟು, ಪ್ರತಿ ಶೀಟಿನ ಬುಡದಲ್ಲೂ ಮರಳು ನಿನ್ನೆಗಿಂತ ಎಷ್ಟು ಎದ್ದಿದೆ ಅಂತ ದಿನಾ ಅಳೀಬೇಕು ಅಂದ್ರು. ಮೊದಲು ಇಳಿದಿದ್ದು ನಾವಿಬ್ರೇ. ಸಾವಂತ್ರಕ್ಕ ಏಣಿ ಇಳಿದು, ಅವನು ನಿಂತಿದ್ದ ಕಡೆ ನೋಡಿದ್ಲು. ಮರಳು ಅಷ್ಟೇ. ನನ್ನ ಕಡೆ ತಿರುಗಿದ್ಲು. ನನ್ನ ಮುಖ ಹೆಂಗಿತ್ತೋ ಏನೋ, ಹತ್ರ ಬಂದು ಭುಜದ ಮೇಲೆ ಕೈ ಇಟ್ಲು. “ಇಂಚು, ನಿನ್ನ ಮೇಲೆ” ಅಂದ್ಲು.

ಮುಂದಿಂದು ಬರ್ಲಿಲ್ಲ. ತುಟಿ ಆಡ್ತು, ಅಷ್ಟೇ. ಇನ್ನೊಂದ್ಸಲ ಶುರುವಿಂದ ಹೇಳೋಕೆ ನೋಡಿದ್ಲು, ಅಷ್ಟಕ್ಕೇ ನಿಂತೋಯ್ತು. ನನ್ನ ಭುಜದ ಮೇಲಿದ್ದ ಕೈ ಮಾತ್ರ ಅವಳು ತೆಗೀಲಿಲ್ಲ. ಇಬ್ಬರೂ ಹಂಗೇ ನಿಂತಿದ್ವಿ, ತಲೆ ಮೇಲೆ ನದಿ ಹೋಗ್ತಾನೇ ಇತ್ತು. ಆಮೇಲೆ ಅವಳು ಸೆರಗಲ್ಲಿ ಮುಖ ಒರೆಸ್ಕೊಂಡು, ಟೇಪಿನ ಒಂದು ತುದಿ ಎಳೆದು ಮೊದಲನೇ ಶೀಟಿನ ಬುಡಕ್ಕೆ ಹೋಗಿ ಕುಕ್ಕರಗಾಲಲ್ಲಿ ಕೂತ್ಲು.

“ಆ ಕಡೆ ಗಟ್ಟಿಯಾಗಿ ಹಿಡ್ಕೊಂಡಿದೀಯಾ?” ಅಂದ್ಲು.

“ಹಿಡ್ಕೊಂಡಿದೀನಿ ಅಕ್ಕ” ಅಂದೆ. ಅಂದ್ಮೇಲೂ ಒಂದ್ಸಲ ಬಗ್ಗಿ, ಹಿಡ್ಕೊಂಡಿದೀನಾ ಅಂತ ನನ್ನ ಕೈ ನೋಡ್ಕೊಂಡೆ.